ರಾಜನ ಪಕ್ಕದ ಖಾಲಿ ಮನೆ

"ಏನ್ರೀ ಹಾಗೆ ನೋಡ್ತಿದ್ದೀರಿ?"

"ಹಲ್ಲು…"

"ಏನಂದ್ರಿ?!"

"ನಿಮ್ಮ ಹಲ್ಲು ನೋಡ್ತಿದ್ದೆ."

ಹಲ್ಲಿನ ಡಾಕ್ಟರರ ಕ್ಲಿನಿಕ್ಕಿಗೆ ಸರದಿ ಬರೆಯುವ ಕೆಲಸಕ್ಕೆ ಸೇರಿದ ಮೊದಲ ದಿನ, ಇನ್ನೂ ಕುರ್ಚಿ ಬೆಚ್ಚಗಾಗುವ ಮುಂಚೆ ಅವಳು ಕೇಳಿದ ಮಾತಿದು. ಯಾವುದೋ ತಮಾಷೆಗೆ ಮೈಮರೆತು ನಕ್ಕಿದ್ದಳು. ಒಳಗಿನ ಕೋಣೆಯಿಂದ ಬಂದವನೊಬ್ಬ ಬಾಗಿಲಲ್ಲೇ ಕಂಬದ ಹಾಗೆ ನಿಂತುಬಿಟ್ಟಿದ್ದ. ಕೈಗೆಲ್ಲ ಬಿಳಿ ಪುಡಿ, ಅಂಗಿಯ ಮೇಲೆ ಕೆಂಪು ಮೇಣದ ಹನಿ. ಕಣ್ಣು ಮಾತ್ರ ಅವಳ ಬಾಯಿಯ ಮೇಲೆ.

ಅವಳ ಕೈ ತಾನಾಗಿ ಮೇಲೆ ಹೋಗಿ ಬಾಯಿ ಮುಚ್ಚಿತು.

ಮುಂದಿನ ಎರಡು ಹಲ್ಲು ಅವಳಿಗೆ ಸ್ವಲ್ಪ ಉದ್ದ. ಸಾಲದ್ದಕ್ಕೆ ಒಂದು ಹಲ್ಲು ಇನ್ನೊಂದರ ಹೆಗಲ ಮೇಲೆ ಹತ್ತಿ ಕೂತಿತ್ತು. ಮನೆಯಲ್ಲಿ ಅಣ್ಣ ಮೊಲ ಅಂತ ಕರೆದ, ಬೀದಿ ಪೂರ್ತಿ ಹಾಗೇ ಕರೆಯಿತು. ಪ್ರೀತಿಯಿಂದ ಇಟ್ಟ ಹೆಸರೇ ಇರಬಹುದು. ಆದರೆ ಮುಳ್ಳು ಬೇಕಂತಲೇ ಚುಚ್ಚಿತೋ ಗೊತ್ತಿಲ್ಲದೆ ಚುಚ್ಚಿತೋ, ಕಾಲಿಗೆ ನೋವು ಒಂದೇ ತಾನೇ?

"ಬೇರೆಯವರ ಹಲ್ಲು ನೋಡೋದೇ ಕೆಲಸಾನಾ ನಿಮಗೆ?" ಬೆರಳುಗಳ ಸಂದಿಯಿಂದಲೇ ಕೇಳಿದಳು.

"ಹೌದು," ಅಂದ ಅವನು ಪಾಪದವನ ಹಾಗೆ. "ಅದೇ ನನ್ನ ಕೆಲಸ."

ಒಳಗಿದ್ದ ಡಾಕ್ಟರು ಹೊಟ್ಟೆ ಕುಲುಕಿಸಿ ನಕ್ಕರು. "ಅವನ ಮೇಲೆ ಯಾಕೆ ಸಿಟ್ಟು ಮಗಳೇ? ಅವನು ನಮ್ಮ ಮೇಣಪ್ಪ. ಊರಿನ ಬಾಯಿಗೆಲ್ಲ ಹಲ್ಲು ಮಾಡಿಕೊಡೋನು. ಮನುಷ್ಯರ ಮುಖ ನೋಡು ಅಂದ್ರೆ ಮೂಗಿನ ಕೆಳಗೆ ಶುರು ಮಾಡ್ತಾನೆ!"

ಹಾಗೆ ಶುರುವಾಯಿತು ಅವರಿಬ್ಬರ ಪರಿಚಯ. ಶುರುವೇನೋ ಜಗಳದ್ದೇ. ಆದರೆ ಅಂದಿನಿಂದ ಅವಳ ಕಿವಿ ಒಳಕೋಣೆಯ ಕಡೆಗೇ ಇರುತ್ತಿತ್ತು. ಅವನು ಅರದಿಂದ ಹಲ್ಲು ಉಜ್ಜುವ ಸದ್ದು, ಮೇಣ ಕರಗಿಸುವ ಚಿಕ್ಕ ಒಲೆಯ ಬುಸ್ಸೆನ್ನುವ ಸದ್ದು… ಆ ಸದ್ದು ನಿಂತರೆ ಇವಳ ಕೈಯ ಕೆಲಸವೂ ನಿಲ್ಲುತ್ತಿತ್ತು.

*

ಆ ಕ್ಲಿನಿಕ್ಕಿನಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು.

ಕಾಯುವವರ ಬೆಂಚಿನ ಮುಂದೆ ಒಂದು ಗಿಡ್ಡ ಮೇಜು, ಅದರ ಮೇಲೆ ಚದುರಂಗದ ಹಾಸು. ಕಾಯಿಗಳೆಲ್ಲ ಮೇಣಪ್ಪ ಹಲ್ಲಿನ ಪ್ಲಾಸ್ಟರಿನಲ್ಲೇ ಎರಕ ಹೊಯ್ದು ಮಾಡಿದವು. ಅರ್ಧ ಆಡಿ ಬಿಟ್ಟ ಆಟದಂತೆ ಕಾಯಿ ಜೋಡಿಸಿಡುತ್ತಿದ್ದ. ನಡೆ ಬಿಳಿಯದ್ದು. ಗೆಲ್ಲುವುದು ಹೇಗೆ? ಯಾರೂ ಕಾಯಿ ಮುಟ್ಟುವ ಹಾಗಿಲ್ಲ. ಕಣ್ಣಲ್ಲೇ ನೋಡಬೇಕು, ತಲೆಯಲ್ಲೇ ಆಡಬೇಕು, ಕೊನೆಯ ನಡೆಯವರೆಗೂ ಬಾಯಲ್ಲಿ ಹೇಳಬೇಕು. ನೋವು ಮರೆಯಲಿ ಅಂತ ಡಾಕ್ಟರು ಮಾಡಿದ ಏರ್ಪಾಡು.

ಸರಿಯಾಗಿ ಹೇಳಿದವರಿಗೆ ಬಹುಮಾನವೂ ಇತ್ತು. ಸರದಿ ಬಿಟ್ಟು ಮೊದಲು ಒಳಗೆ ಹೋಗಬಹುದು!

ಹಲ್ಲಿನ ಡಾಕ್ಟರ ಹತ್ತಿರ ಮೊದಲು ಹೋಗುವ ಬಹುಮಾನ ಯಾರಿಗೆ ಬೇಕು ಹೇಳಿ? ಉತ್ತರ ಗೊತ್ತಿದ್ದವರೂ ಬಾಯಿ ಬಿಗಿದುಕೊಂಡು ಗೋಡೆ ನೋಡುತ್ತಿದ್ದರು. ಹಾಗಾಗಿ ಒಂದೊಂದು ಸಮಸ್ಯೆ ವಾರಗಟ್ಟಲೆ ಅಲ್ಲೇ ಧೂಳು ತಿನ್ನುತ್ತಿತ್ತು. ಡಾಕ್ಟರಿಗೆ ಮಾತ್ರ ಇದು ಇವತ್ತಿಗೂ ಹೊಳೆದಿಲ್ಲ.

ಮೇಣಪ್ಪ ಬಿಡುವಾದಾಗ ಅವಳಿಗೆ ಕಾಯಿಗಳ ನಡಿಗೆ ಹೇಳಿಕೊಟ್ಟಿದ್ದ.

"ಆನೆ ನೆಟ್ಟಗೆ ಹೋಗುತ್ತೆ. ಒಂಟೆ ಓರೆ. ರಾಣಿ ಹೇಗೆ ಬೇಕಾದ್ರೂ ಹೋಗ್ತಾಳೆ."

"ನಮ್ಮ ಅತ್ತಿಗೆ ಥರ."

"ಕುದುರೆ ಮಾತ್ರ ಹಾರುತ್ತೆ. ಎರಡು ಮನೆ ನೆಟ್ಟಗೆ, ಒಂದು ಮನೆ ಪಕ್ಕಕ್ಕೆ. ಮಧ್ಯೆ ಯಾರಿದ್ರೂ ಲೆಕ್ಕಕ್ಕಿಲ್ಲ."

"ಮತ್ತೆ ನೀವು? ನೀವು ಯಾವ ಕಾಯಿ?"

ಅವನು ಮುಂದಿನ ಸಾಲಿನ ಚಿಕ್ಕ ಕಾಯಿಯೊಂದನ್ನು ಎತ್ತಿ ತೋರಿಸಿದ. "ಕಾಲಾಳು. ಒಂದೊಂದೇ ಮನೆ…"

ಅಷ್ಟು ಹೇಳಿ ಒಳಗೆ ಹೋಗಿಬಿಟ್ಟ. ಅವಳಿಗೆ ನಗು ಬಂತು. ಅಯ್ಯೋ ಪುಣ್ಯಾತ್ಮ, ಒಂದೊಂದೇ ಮನೆಯಾದರೂ ಸರಿ, ನನ್ನ ಕಡೆಗೆ ಬರಬಾರದೇ…

*

ಅಷ್ಟರಲ್ಲಿ ಒಂದು ಸಂಬಂಧ ಬಂತು.

ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ಅತ್ತಿಗೆ ಸಂಭ್ರಮದಲ್ಲಿ ಅಡಿಗೆಮನೆಯಿಂದಲೇ ಕೂಗಿ ಹೇಳಿದಳು. "ಅವರಿಗೆ ನೀನು ಒಪ್ಪಿಗೆ ಕಣೇ! ಆದ್ರೆ…"

"ಆದ್ರೆ?"

"ಮುಂದಿನ ಎರಡು ಹಲ್ಲು ಸರಿ ಮಾಡಿಸಿದ್ರೆ ಚೆನ್ನಾಗಿರುತ್ತೆ ಅಂದ್ರು. ನೀನು ಕೆಲಸ ಮಾಡೋದೇ ಹಲ್ಲಿನ ಡಾಕ್ಟ್ರ ಹತ್ರ. ಅರದಲ್ಲಿ ಉಜ್ಜಿಸಿ ಸಣ್ಣ ಮಾಡಿ, ಮೇಲೆ ಹೊಸ ಹಲ್ಲಿನ ಟೋಪಿ ಹಾಕಿಸ್ಕೊಂಡ್ರಾಯ್ತು. ನೆಂಟಸ್ತಿಕೆಗೆ ಅಡ್ಡ ಬಂದಿರೋದು ಎರಡೇ ಎರಡು ಹಲ್ಲು!"

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಣ್ಣ ಮಾತ್ರ, "ಅವಳಿಗೆ ಇಷ್ಟ ಇದ್ರೆ ಮಾಡಿಸ್ಕೊಳ್ಲಿ, ಇಲ್ದಿದ್ರೆ ಬಿಡ್ಲಿ," ಅಂದು ಹೊರಗೆ ಹೋದ.

ಮಾರನೇ ದಿನ ಡಾಕ್ಟರು ಅವಳ ಬಾಯಿಯ ಅಚ್ಚು ತೆಗೆದುಕೊಂಡರು. ಅವರ ಪದ್ಧತಿ ಹೀಗೆ. ಅಚ್ಚಿಗೆ ಪ್ಲಾಸ್ಟರು ಹೊಯ್ದು ಬಾಯಿಯ ಪಡಿಯಚ್ಚು ಮಾಡಬೇಕು. ಮೊದಲು ಆ ಪ್ಲಾಸ್ಟರಿನ ಹಲ್ಲನ್ನು ಮೇಣಪ್ಪ ಉಜ್ಜಿ, ಹೊಸ ಹಲ್ಲನ್ನು ಮೇಣದಲ್ಲಿ ಮಾಡಿ ತೋರಿಸಬೇಕು. ಒಪ್ಪಿಗೆಯಾದ ಮೇಲೆಯೇ ನಿಜವಾದ ಹಲ್ಲಿಗೆ ಮೆಷಿನ್ನು. ಒಮ್ಮೆ ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲವಲ್ಲ.

ಅಚ್ಚನ್ನು ಅವನ ಕೈಗೆ ಕೊಡುವಾಗ ಅವಳು ಹೇಳಿದಳು. "ಮದುವೆಗೆ ಅಂತ ಮಾಡಿಸ್ತಿರೋದು."

ಬೇಡ ಅನ್ನು… ಒಂದು ಮಾತು, ಬೇಡ ಅನ್ನು…

ಅವನು ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದ. "ಆಗ್ಲಿ," ಅಂದ. "ನೋಡೋಣ."

ನೋಡೋಣ! ಅಷ್ಟೇನಾ? ಇಷ್ಟು ದಿನದ ಸ್ನೇಹಕ್ಕೆ ಇಷ್ಟೇ ಬೆಲೆಯಾ?

ಅವಳು ತುಟಿ ಕಚ್ಚಿಕೊಂಡು ತಿರುಗಿ ಬಂದಳು.

*

ಆ ವಾರವೇ ಲೆಕ್ಕದ ಮೇಡಂ ಬಂದದ್ದು.

ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಹೆಂಗಸು. ಎತ್ತರದ ನಿಲುವು, ಬಾಚಿ ಕಟ್ಟಿದ ಕೂದಲು. ಮೆಟ್ಟಿಲಲ್ಲಿ ಎಡವಿ ಬಿದ್ದು ಮುಂದಿನ ಹಲ್ಲು ಅರ್ಧ ಮುರಿದಿತ್ತು. ಮಿಕ್ಕ ಹಲ್ಲುಗಳೋ, ದಾರದಲ್ಲಿ ಪೋಣಿಸಿದ ಹಾಗೆ!

ಬಾಯಿಯ ಅಚ್ಚು ತೆಗೆದದ್ದಾಯಿತು. ಮುರಿದ ಹಲ್ಲಿಗೆ ಜೊತೆ ಮಾಡಲು ಪಕ್ಕದ ಹಲ್ಲಿನ ಬಣ್ಣ ನೋಡಬೇಕು. ಅದಕ್ಕೆ ಬಿಸಿಲ ಬೆಳಕೇ ಆಗಬೇಕು. ಮೇಣಪ್ಪ ಅವರನ್ನು ಕಿಟಕಿಯ ಹತ್ತಿರ ಕೂರಿಸಿದ. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಹಲ್ಲಿನ ಮಾದರಿಗಳನ್ನು ಒಂದೊಂದಾಗಿ ಅವರ ತುಟಿಯ ಹತ್ತಿರ ಹಿಡಿದ. ಬಗ್ಗಿ ನೋಡಿದ. ಹಿಂದೆ ಸರಿದು ನೋಡಿದ. ತಲೆ ಓರೆ ಮಾಡಿ ನೋಡಿದ.

"ಸ್ವಲ್ಪ ನಗಿ ಮೇಡಂ."

ಮೇಡಂ ನಕ್ಕರು.

"ಇನ್ನೂ ಸ್ವಲ್ಪ…"

ಹೊರಗೆ ಮೇಜಿನ ಹಿಂದೆ ಕೂತಿದ್ದವಳ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು.

ನನಗೆ ಯಾವತ್ತಾದರೂ ನಗಿ ಅಂದಿದ್ದಾನಾ? ನಾನಾಗಿ ನಕ್ಕರೆ ಕಂಬದ ಹಾಗೆ ನಿಲ್ಲುತ್ತಾನೆ. ಅವರಿಗೆ ಮಾತ್ರ 'ಇನ್ನೂ ಸ್ವಲ್ಪ'!

ಅದು ಅವನ ಹೊಟ್ಟೆಪಾಡು ಅಂತ ಅವಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಹೊಟ್ಟೆಕಿಚ್ಚಿಗೆ ಕಿವಿಯಿಲ್ಲ, ಅದಕ್ಕೆ ಬುದ್ಧಿ ಹೇಳಿ ಪ್ರಯೋಜನವಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮೇಡಂಗೆ ಚದುರಂಗವೂ ಬರುತ್ತಿತ್ತು! ಬೆಂಚಿನ ಮೇಲೆ ಕೂತು ಹಾಸಿನ ಮೇಲೆ ಕಣ್ಣು ನೆಟ್ಟರೆ ಲೋಕವೇ ಬೇಡ. ಮೇಣಪ್ಪ ಹೊರಗೆ ಬಂದಾಗೆಲ್ಲ ಇಬ್ಬರೂ ತಲೆ ತಲೆ ಸೇರಿಸಿ ಪಿಸುಪಿಸು. ಇವಳ ಹತ್ತಿರ ಮೂರು ಮಾತಾಡಿದರೆ ಮುತ್ತು ಉದುರೀತು ಅನ್ನುವ ಹಾಗೆ ಮಾಡುವವನು ಅಲ್ಲಿ ನಗುತ್ತಾ ಕಥೆ ಹೇಳುತ್ತಾನೆ!

ಇನ್ನೊಂದು ವಿಷಯ ಅವಳನ್ನು ಕೆಣಕಿತು. ಮೇಡಂ ಬರುತ್ತಿದ್ದರು, ಕೂರುತ್ತಿದ್ದರು, ಸರದಿ ಬಂದಾಗ ಎದ್ದು ನಿಲ್ಲುತ್ತಿದ್ದರು. "ಇವತ್ತು ಯಾಕೋ ತಲೆನೋವು. ಇನ್ನೊಂದು ದಿನ ಬರ್ತೀನಮ್ಮಾ."

ಇನ್ನೊಂದು ದಿನವೂ ತಲೆನೋವು. ಅದರ ಮುಂದಿನ ಸಲ ಶಾಲೆಯಲ್ಲಿ ಮೀಟಿಂಗು.

ಹಲ್ಲು ಕಟ್ಟಿಸಿಕೊಂಡರೆ ಬರೋಕೆ ನೆಪ ಇರಲ್ಲವಲ್ಲ, ಅಂದುಕೊಂಡಳು ಅವಳು. ಹಲ್ಲು ನೆಪ ಮಾತ್ರ!

ಒಂದು ದಿನ ನೀರು ಕುಡಿಯಲು ಎದ್ದವಳ ಕಿವಿಗೆ ಬಾಗಿಲ ಹಿಂದಿನಿಂದ ಮೇಡಂ ದನಿ ಬಿತ್ತು.

"ದಯವಿಟ್ಟು ಯಾರಿಗೂ ಹೇಳಬೇಡಿ. ಅದರಲ್ಲೂ ಆ ಹುಡುಗಿಗೆ ಗೊತ್ತಾಗೋದೇ ಬೇಡ."

"ನನ್ನ ಬಾಯಿಂದ ಬರಲ್ಲ ಬಿಡಿ ಮೇಡಂ," ಅಂದ ಮೇಣಪ್ಪ.

ಲೋಟ ಅವಳ ಕೈಯಲ್ಲೇ ಉಳಿಯಿತು. ಕುಡಿಯದೆಯೇ ತನ್ನ ಮೇಜಿಗೆ ವಾಪಸಾದಳು.

*

ಅದಾದ ಮೇಲೆ ಅವನು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವಳು ಒಳಕೋಣೆಗೆ ಹೋದಳು. ತನ್ನ ಹಲ್ಲಿನ ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ. ಕೇಳಿದಾಗೆಲ್ಲ, "ಇನ್ನೂ ಕೈ ಹಾಕಿಲ್ಲ," ಅನ್ನುತ್ತಿದ್ದ.

ಸಾಲಾಗಿ ಜೋಡಿಸಿದ ಪಡಿಯಚ್ಚುಗಳಲ್ಲಿ ಅವಳದ್ದು ಕಾಣಲಿಲ್ಲ. ಮೇಜಿನ ಖಾನೆ ಅರ್ಧ ತೆರೆದಿತ್ತು. ಒಳಗೆ ಮೆತ್ತನೆಯ ಹತ್ತಿಯ ಮೇಲೆ ಒಂದೇ ಒಂದು ಪಡಿಯಚ್ಚು. ಉಳಿದವೆಲ್ಲ ಧೂಳಲ್ಲಿ, ಇದೊಂದು ಹತ್ತಿಯಲ್ಲಿ! ಅಂಚೆಲ್ಲ ನಯವಾಗಿ ತೀಡಿದ್ದ. ಎತ್ತಿ ನೋಡಿದಳು. ಮುಂದಿನ ಎರಡು ಹಲ್ಲು ತುಸು ಉದ್ದ. ಬಲಗಡೆಯದು ಎಡಗಡೆಯದರ ಮೇಲೆ ಒಂದೆಳೆ ಹತ್ತಿದೆ. ಚೆಂದವಾಗಿತ್ತು, ಸುಳ್ಳು ಹೇಳಬಾರದು. ನಗಲು ಹೊರಟು ತಡೆದುಕೊಂಡ ಬಾಯಿಯ ಹಾಗಿತ್ತು.

ನನ್ನದಾ?

ಎದೆ ಹಾರಿತು. ಗೋಡೆಯ ಕನ್ನಡಿಯಲ್ಲಿ ಹಲ್ಲು ಬಿಟ್ಟು ನೋಡಿಕೊಂಡಳು. ಇಲ್ಲ… ಕನ್ನಡಿಯಲ್ಲಿ ಹತ್ತಿ ಕೂತಿರುವುದು ಎಡಗಡೆಯ ಹಲ್ಲು. ಹುಟ್ಟಿದಾಗಿನಿಂದ ನೋಡಿ ಬೇಸತ್ತ ಎಡಗಡೆಯ ಹಲ್ಲು. ಇದರಲ್ಲಿ ಬಲಗಡೆಯದು.

ಹಾಗಾದರೆ ಮೇಡಂದು. ಅವರ ಹಲ್ಲು ನೆಟ್ಟಗಿರುವುದು ಹೊಟ್ಟೆಕಿಚ್ಚಿನ ಲೆಕ್ಕಕ್ಕೇ ಬರಲಿಲ್ಲ. ಮುರಿದ ಹಲ್ಲನ್ನು ತುಂಬಿ, ತನಗೆ ಬೇಕಾದ ಹಾಗೆ ತಿದ್ದಿ, ಮತ್ತೆ ಎರಕ ಹೊಯ್ದು ಹತ್ತಿಯಲ್ಲಿ ಮಲಗಿಸಿದ್ದಾನೆ!

ನನ್ನದನ್ನು ಎಲ್ಲಿ ಮೂಲೆಗೆ ಎಸೆದಿದ್ದಾನೋ…

ಪಡಿಯಚ್ಚನ್ನು ಇದ್ದ ಹಾಗೇ ಇಟ್ಟಳು. ಒಡೆದುಹಾಕುವಷ್ಟು ಸಿಟ್ಟಿತ್ತು. ಕೈ ಬರಲಿಲ್ಲ.

ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಅತ್ತಿಗೆ, ಹಲ್ಲು ಉಜ್ಜಿಸ್ಕೋತೀನಿ. ನಾಳೇನೇ. ಅವರಿಗೆ ಹೂಂ ಅಂತ ಹೇಳಿಬಿಡಿ."

"ನಿಜವಾಗ್ಲೂ?! ಯಾಕೇ ಕಣ್ಣು ಕೆಂಪಾಗಿದೆ?"

"ಪ್ಲಾಸ್ಟರ್ ಪುಡಿ ಬಿತ್ತು."

"ನಾಳೆ ನಾನೂ ಬರ್ತೀನಿ. ಆಮೇಲೆ ಹೂಂ ಅನ್ನೋಣ. ನಿನ್ನ ಮಾತು ಬೆಳಿಗ್ಗೆ ಒಂದು, ಸಂಜೆ ಒಂದು."

*

ಮಾರನೇ ದಿನ ಮಧ್ಯಾಹ್ನ, ಊಟದ ವಿರಾಮ. ಕ್ಲಿನಿಕ್ಕಿನಲ್ಲಿ ಅವಳೊಬ್ಬಳೇ.

ಕಣ್ಣು ಚದುರಂಗದ ಹಾಸಿನ ಮೇಲೆ ಬಿತ್ತು. ಅವರಿಬ್ಬರನ್ನೂ ಸೇರಿಸುವುದು ಇದೇ ತಾನೇ? ಇದೊಂದು ಬಿಡಿಸಿಬಿಡಬೇಕು. ಮೇಡಂ ಹೇಳುವ ಮುಂಚೆ, ಅವನ ಮುಖದ ಮುಂದೆ, ಎಲ್ಲರೆದುರು ಹೇಳಬೇಕು! ಹೇಳಿದವರಿಗೆ ಮೊದಲ ಸರದಿ. ಆ ಸರದಿಯಲ್ಲೇ ಕುರ್ಚಿಯಲ್ಲಿ ಕೂತು ಹಲ್ಲು ಉಜ್ಜಿಸಿಕೊಂಡು, ಈ ಕೆಲಸವನ್ನೂ ಬಿಟ್ಟು ಹೊರಟುಬಿಡಬೇಕು.

ತನ್ನ ಮೇಜಿನ ಕಡೆಯಿಂದಲೇ ನೋಡಿದಳು. ಏನೂ ತಿಳಿಯಲಿಲ್ಲ. ಇಷ್ಟು ದಿನವೂ ಕಪ್ಪು ರಾಜನ ಬೆನ್ನ ಹಿಂದಿನಿಂದ ನೋಡಿದವಳು. ಎದ್ದು ಹೋಗಿ ಮೇಡಂ ಕೂರುವ ಜಾಗದಲ್ಲಿ, ಬಿಳಿಯ ಕಡೆ ಕೂತಳು.

ಅಲ್ಲಿಂದ ಅದು ಬೇರೆಯೇ ಊರಾಗಿ ಕಂಡಿತು.

ಕಪ್ಪು ರಾಜ ಮೂಲೆಯಲ್ಲಿ ಬೆಚ್ಚಗೆ ಕೂತಿದ್ದಾನೆ. ಮುಂದೆ ಒಬ್ಬ ಕಾಲಾಳು, ಓರೆಯಲ್ಲಿ ಇನ್ನೊಬ್ಬ. ಪಕ್ಕದ ಮನೆ ಮಾತ್ರ ಖಾಲಿ. ಅದೇ ಸಾಲಿನಲ್ಲಿ ಸ್ವಲ್ಪ ಆಚೆ ಕಪ್ಪು ಆನೆ. ಬಿಳಿ ಕುದುರೆ ಒಂದು ಆ ಕಾಲಾಳುಗಳ ಮೂಗಿನ ಕೆಳಗೇ ನುಗ್ಗಿ ನಿಂತಿದೆ. ಬಿಳಿ ರಾಣಿ ದೂರದಿಂದ ಓರೆಯಾಗಿ ಆ ಖಾಲಿ ಮನೆಯನ್ನೇ ನೋಡುತ್ತಿದ್ದಾಳೆ.

ಸಮಯವಿಲ್ಲ. ಕಪ್ಪು ಆನೆ ಒಮ್ಮೆ ಕೆಳಗಿಳಿದರೆ ಬಿಳಿ ರಾಜನ ಕಥೆ ಮುಗಿಯಿತು. ಉಸಿರಾಡಲು ಬಿಡದ ಹಾಗೆ ರಾಜನಿಗೆ ಶಹ್, ಅಂದರೆ ಚೆಕ್, ಕೊಡುತ್ತಲೇ ಹೋಗಬೇಕು.

ಕುದುರೆ ಹಾರಿದರೆ? ಕಣ್ಣಲ್ಲೇ ಹಾರಿಸಿದಳು. ಶಹ್! ರಾಜನಿಗೆ ಅತ್ತ ಕಾಲಾಳು, ಇತ್ತ ಕಾಲಾಳು… ಅಯ್ಯೋ, ಪಕ್ಕದ ಖಾಲಿ ಮನೆಗೆ ಸರಿದುಬಿಡುತ್ತಾನೆ. ರಾಣಿ ಆ ಮನೆ ಕಾಯುತ್ತಿದ್ದಳಲ್ಲ? ಕುದುರೆ ಹಾರಿ ನಿಂತದ್ದು ರಾಣಿಯ ದಾರಿಗೇ ಅಡ್ಡವಾಯಿತು.

ಹಿಂದಕ್ಕೆ ತಂದಳು. ರಾಣಿಯೇ ಹೋದರೆ? ಹೋಗಿ ರಾಜನ ಪಕ್ಕದ ಆ ಖಾಲಿ ಮನೆಯಲ್ಲೇ ಕೂತರೆ? ಥೂ, ಆನೆ ಬಂದು ಕೊಂದೇಬಿಡುತ್ತದೆ. ಯಾರಾದರೂ ರಾಣಿಯನ್ನು ಹಾಗೆ ಕಳೆದುಕೊಳ್ಳುತ್ತಾರಾ?

ಕುದುರೆ… ರಾಣಿ… ಕುದುರೆ… ಎಷ್ಟು ಸಲ ಆಡಿಸಿದರೂ ಗಾಣದ ಎತ್ತಿನ ಹಾಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕುದುರೆಯ ಏಟು ಸರಿಯಾಗಿದೆ. ಹಾಳು ಆ ಖಾಲಿ ಮನೆಯೊಂದು ಇಲ್ಲದಿದ್ದರೆ! ಅಲ್ಲಿ ಯಾರಾದರೂ ಬಂದು ಕೂತುಬಿಟ್ಟಿದ್ದರೆ ರಾಜ ಎಲ್ಲಿಗೆ ಹೋಗುತ್ತಿದ್ದ?

ಯಾರಾದರೂ… ಅವನದೇ ಕಡೆಯವರು ಯಾರಾದರೂ…

ಅವಳು ಬೆಂಚಿನ ಮೇಲೆ ನೆಟ್ಟಗಾದಳು.

ಆನೆ!

ರಾಣಿ ಹೋಗಿ ಕೂರಲಿ. ರಾಜ ತಾನೇ ಅವಳನ್ನು ಕೊಲ್ಲಲಾರ, ಕುದುರೆ ಆ ಮನೆ ಕಾಯುತ್ತಿದೆ. ಆನೆಯೇ ಬರಬೇಕು, ಬೇರೆ ದಾರಿಯಿಲ್ಲ. ಬಂದು ರಾಣಿಯನ್ನು ಕೊಂದು ಅದೇ ಮನೆಯಲ್ಲಿ ಕೂರಬೇಕು. ಕೂತ ಗಳಿಗೆಗೆ ರಾಜನ ಕೊನೆಯ ಬಾಗಿಲೂ ಮುಚ್ಚಿತು. ಸುತ್ತ ತನ್ನವರೇ! ಆಗ ಕುದುರೆ ಹಾರಲಿ…

ತೋಳಿನ ಮೇಲೆ ರೋಮ ಎದ್ದು ನಿಂತವು. ಆಟವೆಂದರೆ ಇದಾ! ಇಷ್ಟು ಚೆಂದದ್ದನ್ನು ಅವನು ದಿನಾ ತಲೆಯಲ್ಲಿ ಇಟ್ಟುಕೊಂಡು ಓಡಾಡುತ್ತಾನಾ?

ಆ ಸಂತೋಷವನ್ನು ಓಡಿಹೋಗಿ ಹೇಳಬೇಕು ಅನ್ನಿಸಿದ್ದು ಒಬ್ಬನಿಗೇ. ಅದು ನೆನಪಾದದ್ದೇ ಕಣ್ಣು ತುಂಬಿ ಬಂತು.

*

ಸಂಜೆ ಬೆಂಚು ತುಂಬಿತ್ತು. ಕೆನ್ನೆ ಊದಿದ ಅಜ್ಜ, ಚೀಲ ಮಡಿಲಲ್ಲಿಟ್ಟುಕೊಂಡ ಅತ್ತಿಗೆ, ಹಾಸನ್ನು ನೋಡುತ್ತಾ ಲೆಕ್ಕದ ಮೇಡಂ. ಪ್ಲಾಸ್ಟರಿನ ಬಟ್ಟಲು ಹಿಡಿದು ಮೇಣಪ್ಪ ಹೊರಗೆ ಬಂದ.

ಅವಳು ಎದ್ದು ನಿಂತಳು.

"ಡಾಕ್ಟ್ರೇ! ಉತ್ತರ ಹೇಳ್ತೀನಿ."

"ನೀನಾ?" ಡಾಕ್ಟರು ಬಾಗಿಲಿಗೆ ಬಂದರು. "ಹೇಳು ಹೇಳು!"

"ರಾಣಿ ರಾಜನ ಪಕ್ಕದ ಖಾಲಿ ಮನೆಗೆ ಹೋಗ್ತಾಳೆ. ಶಹ್."

"ಅಯ್ಯಯ್ಯೋ, ರಾಣಿ ಹೋದ್ಲಲ್ಲೇ," ಅಂದ ಅಜ್ಜ ಊದಿದ ಕೆನ್ನೆಯಲ್ಲೇ.

"ಹೋಗ್ಲಿ ತಾತ. ಆನೆ ಬಂದು ಕೊಲ್ಲಲೇಬೇಕು. ಕೊಂದು ಅಲ್ಲೇ ಕೂತ್ಕೋಬೇಕು. ಆಗ ರಾಜನಿಗೆ ಅಲ್ಲಾಡೋಕೆ ಜಾಗ ಇಲ್ಲ. ಕುದುರೆ ಹಾರಿ ಮತ್ತೆ ಶಹ್." ಅವಳು ಮೇಣಪ್ಪನ ಕಣ್ಣಲ್ಲಿ ಕಣ್ಣಿಟ್ಟಳು. "ಅಲ್ಲಿಗೆ ಮುಗೀತು. ಎಲ್ಲಾ ಮುಗೀತು."

ಅವನ ಕೈಯ ಬಟ್ಟಲು ಓರೆಯಾಗಿ ಪ್ಲಾಸ್ಟರು ನೆಲಕ್ಕೆ ಸುರಿಯುತ್ತಿತ್ತು. ಅವನಿಗೆ ಅದರ ಅರಿವೇ ಇರಲಿಲ್ಲ. ಮುಖದಲ್ಲಿ ಮಾತ್ರ ಬೆಳಕು.

"ಅಯ್ಯೋ, ಹೇಳಿಬಿಟ್ಯೇನಮ್ಮಾ…" ಮೇಡಂ ಮುಖ ಬಾಡಿತು.

ಉರೀಲಿ, ಅಂದುಕೊಂಡಳು ಅವಳು. ಚೆನ್ನಾಗಿ ಉರೀಲಿ!

"ಭೇಷ್!" ಡಾಕ್ಟರು ಚಪ್ಪಾಳೆ ತಟ್ಟಿದರು. "ಮೊದಲ ಸರದಿ ನಿಂದೇ. ಆದ್ರೆ ನೀನು ರೋಗಿ ಅಲ್ವಲ್ಲ?"

"ರೋಗೀನೇ. ಇವತ್ತೇ ನನ್ನ ಹಲ್ಲು ಉಜ್ಜಿಬಿಡಿ."

ಸರಸರ ಒಳಗೆ ಹೋಗಿ ಆ ಎತ್ತರದ ಕುರ್ಚಿಯಲ್ಲಿ ಕೂತೇಬಿಟ್ಟಳು. ಹಿಂದೆಯೇ ಅತ್ತಿಗೆ. ಅವರ ಹಿಂದೆ ಯಾಕೋ ಮೇಡಂ ಕೂಡ ಬಾಗಿಲವರೆಗೆ ಬಂದರು.

"ಮೇಣಪ್ಪಾ, ಇವಳ ಮೇಣದ ಹಲ್ಲು ತಗೊಂಡು ಬಾ. ನೋಡಿ ಒಪ್ಪಿದ್ರೆ ಶುರು ಮಾಡೋಣ."

ಅವನು ಬಂದ. ಬರಿಗೈಯಲ್ಲಿ.

"ಮಾಡಿಲ್ಲ ಡಾಕ್ಟ್ರೇ."

"ಆಗ್ತಾ ಇದೆ ಅಂದಿದ್ಯಲ್ಲೋ?"

"ಸುಳ್ಳು ಹೇಳಿದ್ದೆ. ಮಾಡಿಲ್ಲ… ನನ್ನ ಕೈಲಿ ಆಗಲ್ಲ."

ಅವಳಿಗೆ ರೇಗಿಹೋಯಿತು. "ಹೇಗೆ ಆಗುತ್ತೆ? ಮೇಡಂ ಹಲ್ಲನ್ನ ಹತ್ತೀಲಿ ಮಲಗಿಸಿ ಜೋಗುಳ ಹಾಡೋದ್ರಲ್ಲೇ ಹೊತ್ತು ಹೋದ್ರೆ ನಮ್ಮಂಥವರ ಹಲ್ಲಿಗೆ ಪುರುಸೊತ್ತೆಲ್ಲಿ?"

"ನನ್ನ ಹಲ್ಲಾ?" ಅಂದರು ಮೇಡಂ.

"ಯಾವ ಹತ್ತಿ?" ಅಂದರು ಡಾಕ್ಟರು.

ಮೇಣಪ್ಪನ ಕಿವಿ ಕೆಂಪಾಯಿತು. ಆಮೇಲೆ ಒಳಗೆ ಹೋಗಿ ಖಾನೆಯಿಂದ ಆ ಪಡಿಯಚ್ಚನ್ನು ತಂದು, ಹತ್ತಿಯ ಸಮೇತ ಅವಳ ಅಂಗೈಯಲ್ಲಿ ಇಟ್ಟ.

"ಇದು ನಿಮ್ಮದು."

"ಸುಳ್ಳು! ನನ್ನದು ಎಡಗಡೆದು ಮೇಲೆ ಹತ್ತಿರೋದು. ಇದರಲ್ಲಿ ಬಲಗಡೆದು. ನನ್ನ ಹಲ್ಲು ನನಗೆ ಗೊತ್ತಿಲ್ವಾ?"

"ಎಲ್ಲಿ ನೋಡಿದ್ದೀರಿ ನಿಮ್ಮ ಹಲ್ಲನ್ನ?"

"ಕನ್ನಡೀಲಿ!"

"ಅದಕ್ಕೇ," ಅಂದ ಅವನು ಮೆಲ್ಲಗೆ. "ಕನ್ನಡೀಲಿ ಎಡಗಡೆ ಕಾಣೋದು, ಎದುರು ನಿಂತವರಿಗೆ ಬಲಗಡೆ ಕಾಣುತ್ತೆ. ನಿಮ್ಮ ಎದುರು ನಿಂತು ನೋಡೋರಿಗೆ… ನನಗೆ… ನೀವು ಹೀಗೇ ಕಾಣೋದು."

ಅವಳು ಪಡಿಯಚ್ಚನ್ನು ನೋಡಿದಳು. ನಗಲು ಹೊರಟು ತಡೆದುಕೊಂಡ ಆ ಬಾಯಿ. ಆವತ್ತು ಚೆಂದ ಅನ್ನಿಸಿ ಹೊಟ್ಟೆ ಉರಿಸಿಕೊಂಡದ್ದು ತನ್ನ ಮೇಲೆಯೇನಾ?!

"ಉಜ್ಜೋಣ ಅಂತ ದಿನಾ ಅರ ಎತ್ತಿಕೊಳ್ತಿದ್ದೆ," ಅಂದ ಅವನು. ಇಷ್ಟು ಉದ್ದ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಊರಿನವರ ಹಲ್ಲೆಲ್ಲ ಉಜ್ಜಿದ ಕೈ ಇದು. ಇದೊಂದರ ಮೇಲೆ ಇಳೀಲಿಲ್ಲ. ಮದುವೆ ಅಂದ್ರಿ, ಬೇಡ ಅನ್ನೋಕೆ ನಾನ್ಯಾರು ಅಂತ ಸುಮ್ಮನಿದ್ದೆ. ಕೆಲಸ ತಡ ಮಾಡಿದ್ರೆ ಮದುವೇನೂ ತಡ ಆಗಬಹುದು ಅಂತ… ಅಷ್ಟೇ ನನಗೆ ಹೊಳೆದಿದ್ದು."

"ಮತ್ತೆ…" ಅವಳು ಪಡಿಯಚ್ಚನ್ನು ಮಡಿಲಲ್ಲಿಟ್ಟುಕೊಂಡಳು. "ಮೇಡಂ ಜೊತೆ ಗುಟ್ಟು? ನನಗೆ ಗೊತ್ತಾಗಬಾರದು ಅಂದಿದ್ದು?"

ಅವನು ಮೇಡಂ ಕಡೆ ನೋಡಿದ. ಕೊಟ್ಟ ಮಾತು ಮುರಿಯುವವನಲ್ಲ. ಮೇಡಂ ತಾವೇ ನಿಟ್ಟುಸಿರು ಬಿಟ್ಟು ಮುಂದೆ ಬಂದರು.

"ಆ ಆಟದ ಉತ್ತರ ನನಗೆ ಬಂದ ದಿನವೇ ಗೊತ್ತಾಗಿತ್ತಮ್ಮಾ. ಹೇಳಿದ್ರೆ ಮೊದಲ ಸರದಿ! ಸರದಿ ಬರೆಯೋಳು ನೀನು, ನಿನಗೆ ತಿಳಿದ್ರೆ ಹಿಡಿದು ಕೂರಿಸಿಬಿಡ್ತೀಯ ಅಂತ ಇವರ ಕೈಲಿ ಮಾತು ತಗೊಂಡೆ. ಆ ಮೆಷಿನ್ನಿನ ಸದ್ದು ಕೇಳಿದ್ರೆ ನನ್ನ ಕೈಕಾಲು ತಣ್ಣಗಾಗುತ್ತೆ. ಪಾಪ, ಭಯ ಹೋಗ್ಲಿ ಅಂತ ಏನೇನೋ ಕಥೆ ಹೇಳಿ ನಗಿಸ್ತಿದ್ರು. ಅರ್ಧ ಕಥೆ ನಿನ್ನದೇ!"

"ತಲೆನೋವು, ಮೀಟಿಂಗು…?"

"ಎಲ್ಲಾ ಭಯ. ಆಟ ಬಿಡಿಸ್ತಿದ್ದೀನಿ ಅಂತ ಕೂರೋ ನೆಪಾನೂ ಈಗ ನೀನು ಕಿತ್ಕೊಂಡೆ."

ಡಾಕ್ಟರು ಪೆಚ್ಚಾಗಿ ನಿಂತಿದ್ದರು. "ಹಾಗಾದ್ರೆ ನನ್ನ ಬಹುಮಾನ ಯಾರಿಗೂ ಬೇಡ್ವಾ?"

ಅವಳಿಗೆ ಅಳು ಬಂತೋ ನಗು ಬಂತೋ, ಎರಡೂ ಒಂದೇ ಬಾಗಿಲಲ್ಲಿ ನುಗ್ಗಿದವು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆನಲ್ಲಾ… ಆ ಗುದ್ದಿಗೆ ಎರಡು ಹಲ್ಲನ್ನೂ ಒಂದು ಬಾಳನ್ನೂ ಕೊಟ್ಟುಬಿಡುತ್ತಿದ್ದೆನಲ್ಲಾ! ರಾಣಿ ತನ್ನನ್ನು ಕೊಟ್ಟುಕೊಂಡರೆ ಆಟ ಗೆಲ್ಲಬಹುದು. ನಾನು ಏನು ಗೆಲ್ಲುತ್ತಿದ್ದೆ?

ಕುರ್ಚಿಯಿಂದ ಇಳಿದಳು.

"ಅತ್ತಿಗೆ, ಆ ಹುಡುಗನ ಕಡೆಯವರಿಗೆ ಬೇಡ ಅಂತ ಹೇಳಿಬಿಡಿ."

"ಏನಂತ ಹೇಳ್ಲಿ? ಹುಡುಗಿ ಚದುರಂಗ ಆಡಿ ಗೆದ್ದಳು, ಅದಕ್ಕೆ ಬರಲ್ಲ ಅಂತಾನಾ?"

"ಹಲ್ಲು ಕೊಡೋಕೆ ಮನಸ್ಸಿಲ್ಲ ಅಂತ ಹೇಳಿ."

ಅತ್ತಿಗೆ ಚೀಲವನ್ನು ಈ ತೋಳಿಂದ ಆ ತೋಳಿಗೆ ಬದಲಾಯಿಸಿದಳು. ಮೇಣಪ್ಪನನ್ನು ಮೇಲಿಂದ ಕೆಳಗೆ ನೋಡಿದಳು, ಮತ್ತೆ ಕೆಳಗಿಂದ ಮೇಲೆ.

"ಏನಪ್ಪಾ, ಪ್ಲಾಸ್ಟರ್ ಹಲ್ಲಿಗೇ ಇಷ್ಟು ಉಪಚಾರ ಮಾಡೋನು, ನಿಜವಾದ ಹುಡುಗೀನ ಹೇಗೆ ನೋಡ್ಕೋತೀಯ?"

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಬಿಡು, ಇಲ್ಲಿ ಬೇಡ," ಅಂದಳು ಅತ್ತಿಗೆ. ತುಟಿಯ ತುದಿಯಲ್ಲಿ ನಗು ಅಡಗಿತ್ತು. "ನಾಳೆ ಸಂಜೆ ಮನೆಗೆ ಬಾ. ಇವರಣ್ಣನ ಮುಂದೆ ಹೇಳು. ನನ್ನ ಮುಂದೆ ಹೇಳಿದ್ರೆ ನಾನು ಅತ್ತುಬಿಡ್ತೀನಿ, ಆಮೇಲೆ ಮರ್ಯಾದೆ ಇರಲ್ಲ."

"ಸರಿ," ಅಂದರು ಡಾಕ್ಟರು ಕೈ ತಿಕ್ಕುತ್ತಾ. "ಕುರ್ಚಿ ಖಾಲಿಯಾಯ್ತಲ್ಲ. ಮೇಡಂ…?"

ಮೇಡಂ ಮುಖ ಸುಣ್ಣದ ಹಾಗಾಯಿತು. ತಿರುಗಿ ಬಾಗಿಲು ನೋಡಿದರು. ಅಷ್ಟರಲ್ಲಿ ಅವರ ಕೈಯನ್ನು ಯಾರೋ ಹಿಡಿದುಕೊಂಡರು. ಅವಳೇ.

"ಬನ್ನಿ ಮೇಡಂ. ಮುಗಿಯೋವರೆಗೂ ಕೈ ಬಿಡಲ್ಲ. ಎಷ್ಟು ಬೇಕಾದ್ರೂ ಒತ್ತಿ ಹಿಡ್ಕೊಳ್ಳಿ."

ಮೇಡಂ ಒತ್ತಿಯೇ ಹಿಡಿದರು. ಇಷ್ಟು ದಿನ ಮನಸ್ಸಿನಲ್ಲೇ ಬೈದ ಬೈಗುಳಕ್ಕೆ ಇದು ಕಮ್ಮಿಯೇ ಆಯಿತು ಅಂದುಕೊಂಡು, ಅವಳು ಬೆರಳು ನೋಯುತ್ತಿದ್ದರೂ ಸುಮ್ಮನಿದ್ದಳು.

*

ಎಲ್ಲರೂ ಹೋದ ಮೇಲೆ ಅವನು ನೆಲಕ್ಕೆ ಅಂಟಿದ ಪ್ಲಾಸ್ಟರನ್ನು ಕೆರೆಯುತ್ತಿದ್ದ. ಅವಳು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ನಾನಿಷ್ಟ ಅಂತ ಒಂದು ಮಾತು ಹೇಳೋಕೆ ನಿಮ್ಮ ಬಾಯಲ್ಲಿ ಹಲ್ಲಿರಲಿಲ್ವಾ?"

"ಹಲ್ಲಿತ್ತು. ನಾಲಿಗೆ ಇರಲಿಲ್ಲ." ಅವನು ಕೆರೆಯುವುದು ನಿಲ್ಲಿಸಿದ. "ಆ ಸಮಸ್ಯೆ ಅಷ್ಟು ಸುಲಭದ್ದಲ್ಲ. ನಿಮಗೆ ಯಾರು ಕಲಿಸಿದ್ರು?"

"ಹೊಟ್ಟೆಕಿಚ್ಚು."

"ಒಳ್ಳೆ ಮೇಷ್ಟ್ರು."

"ಇನ್ನೊಂದ್ಸಲ ಅವರ ಹತ್ರ ಕಳಿಸಿದ್ರೆ ನೋಡಿ ಮತ್ತೆ!"

ಅವನು ನಕ್ಕ. ಆಮೇಲೆ ಮುಖ ಗಂಭೀರವಾಯಿತು. "ನಾಳೆ ನಿಮ್ಮಣ್ಣನ ಮುಂದೆ ನನಗೆ ಮಾತು ಬರದಿದ್ರೆ?"

"ನಾನು ಪಕ್ಕದಲ್ಲೇ ಕೂತಿರ್ತೀನಿ."

"ಆಗ ಇನ್ನೂ ಬರಲ್ಲ."

"ಒಂದು ಮಾತು ಬಂದ್ರೆ ಸಾಕು. ಮಿಕ್ಕಿದ್ದು ನಾನು ಹೇಳ್ತೀನಿ. ಮೊದಲು ಈ 'ನೀವು' ಬಿಡಿ. ಅಣ್ಣ ನಗ್ತಾನೆ."

ಅವನು ಕೈಯ ಬಿಳಿ ಪುಡಿಯನ್ನು ಅಂಗಿಗೆ ಒರೆಸಿಕೊಂಡು ಎದ್ದ. ಕೈ ಚಾಚಿದ.

"ಬಾ… ಮನೆವರೆಗೂ ಬಿಡ್ತೀನಿ."

"ಏನಂದ್ರಿ? ಇನ್ನೊಂದ್ಸಲ ಹೇಳಿ?"

"ಬಾ."

"ಇನ್ನೊಂದ್ಸಲ…"

"ಬಾರೇ!"